ಸೋಮವಾರದ ಟೈರು, ಭಾನುವಾರದ ಟೈರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೆಟ್ರೋಲ್ ಬಂಕಿಗೆ ಅಂಟಿಕೊಂಡಿರುವ ಟೈರ್ ಅಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಒಂದೇ ಟ್ಯೂಬ್‌ಲೈಟ್. ಅದರ ಕೆಳಗೆ ಐವತ್ತು ದಾಟಿದ ಒಬ್ಬರು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಟೈರೊಂದನ್ನು ಮಲಗಿಸಿಕೊಂಡು, ಅದರ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಿದ್ದಾರೆ. ಉಗುರಿನ ಗುರುತು ಮೂಡುತ್ತದೆ, ನಿಧಾನಕ್ಕೆ ಮಾಯವಾಗುತ್ತದೆ. ಅವರು ಇನ್ನೊಂದು ಕಡೆ ಒತ್ತುತ್ತಾರೆ.

ಇವರನ್ನು ಎಲ್ಲರೂ ಗಾಳಿಯಣ್ಣ ಅಂತಾರೆ. ಹುಡುಗನಾಗಿದ್ದಾಗ ಇದೇ ಬಂಕಿನಲ್ಲಿ ಬಂದವರ ಗಾಡಿಗೆ ಗಾಳಿ ಹಿಡಿಯುತ್ತಿದ್ದರು, ಹೆಸರು ಅಂದಿನಿಂದ ಅಂಟಿಕೊಂಡಿದೆ. ಕೆಲಸ ಮಾತ್ರ ಬದಲಾಗಿದೆ. ಈಗ ಅವರು ಸ್ಪೋರ್ಟ್ಸ್ ಬೈಕುಗಳ ಟೈರು ಆರಿಸಿ ಕೊಡುತ್ತಾರೆ, ಹಾಕಿ ಕೊಡುತ್ತಾರೆ. ಮುಂದಕ್ಕೆ ಬಗ್ಗಿ ಕೂತು ಓಡಿಸುವ, ತಿರುವಿನಲ್ಲಿ ಮಂಡಿ ನೆಲಕ್ಕೆ ತಾಗಿಸುವ ಆ ಬೈಕುಗಳು ಇಡೀ ದೇಹದಲ್ಲಿ ನೆಲಕ್ಕೆ ಮುಟ್ಟುವುದು ಎರಡೇ ಜಾಗದಲ್ಲಿ. ಆ ಎರಡು ಜಾಗ ಸೇರಿದರೆ ಮನುಷ್ಯನ ಎರಡು ಅಂಗೈಯಷ್ಟು. ಬೈಕಿನ ಬಣ್ಣದ ಬಗ್ಗೆ ಪುಟಗಟ್ಟಲೆ ಬರೆಯುವವರು ಆ ಎರಡು ಅಂಗೈಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಬಾಗಿಲಲ್ಲಿ ಒಂದು ಬೈಕು ಬಂದು ನಿಲ್ಲುತ್ತದೆ. ಮೈತುಂಬ ಚರ್ಮದ ಉಡುಪು ತೊಟ್ಟ ಗಿರಾಕಿ ಇಳಿಯುತ್ತಾನೆ. ಅವನಿಗೆ ರೇಸ್ ಟ್ರ್ಯಾಕಿನ ಟೈರು ಬೇಕು, ಎಲ್ಲಕ್ಕಿಂತ ಮೆತ್ತಗಿನದು, ಎಲ್ಲಕ್ಕಿಂತ ಅಂಟಿಕೊಳ್ಳುವಂಥದ್ದು.

"ಟ್ರ್ಯಾಕಿಗೆ ಎಷ್ಟು ಸಲ ಹೋಗ್ತೀರಿ?" ಗಾಳಿಯಣ್ಣ ಕೇಳುತ್ತಾರೆ.

"ತಿಂಗಳಿಗೆ ಎರಡು ಸಲ ಅಣ್ಣಾ."

ಗಾಳಿಯಣ್ಣ ತೊಡೆಯ ಮೇಲಿನ ಟೈರನ್ನು ಪಕ್ಕಕ್ಕಿಡುತ್ತಾರೆ. ಎದ್ದು ಹೋಗಿ ಅವನ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಟೈರಿನ ನಡುಭಾಗ ಚಪ್ಪಟೆಯಾಗಿದೆ. ನೇರ ರಸ್ತೆಯಲ್ಲೇ ಓಡಿದ ಟೈರು ಹಾಗೆ ಸವೆಯುತ್ತದೆ. ಅಂಚು ಮಾತ್ರ ಒರಟೊರಟಾಗಿದೆ, ಗಾಡಿಯನ್ನು ಚೆನ್ನಾಗಿ ಬಾಗಿಸಿ ಓಡಿಸಿದಂತೆ. ಬಾಗಿಸಲು ಹೆದರುವವರ ಟೈರಿನ ಅಂಚು ಹೊಸದರಂತೆ ಹೊಳೆಯುತ್ತಿರುತ್ತದೆ. ಆ ಹೊಳೆಯುವ ಪಟ್ಟಿ ಸವಾರರ ಲೋಕದಲ್ಲಿ ದೊಡ್ಡ ಮಾನನಷ್ಟ. ಗಾಳಿಯಣ್ಣ ಅಂಚಿನ ಮೇಲೆ ಬೆರಳು ಆಡಿಸುತ್ತಾರೆ.

"ಸಾರ್, ಇದನ್ನ ಉಜ್ಜಿರೋದು ರಸ್ತೆಯಲ್ಲ. ಸ್ಯಾಂಡ್‌ಪೇಪರು."

ಗಿರಾಕಿ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾನೆ.

"ಬಿಡಿ, ನಾಚ್ಕೋಬೇಡಿ. ವಾರಕ್ಕೊಬ್ರು ಬರ್ತಾರೆ ಹೀಗೆ ಮೇಕಪ್ ಮಾಡ್ಕೊಂಡು. ನಿಮ್ಮದು ಪರವಾಗಿಲ್ಲ, ನೀಟಾಗಿ ಉಜ್ಜಿದೀರಿ."

ಅವನು ನಗುತ್ತಾನೆ. ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಆಗುವ ರಸ್ತೆಯ ಟೈರು ಹಾಕಿಸಿಕೊಂಡು ಹೋಗುತ್ತಾನೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕನ ಮುಖ ಹುಳ್ಳಗಾಗುತ್ತದೆ. ಟ್ರ್ಯಾಕಿನ ಟೈರಿನಲ್ಲಿ ಅಂಗಡಿಗೆ ಹೆಚ್ಚು ಉಳಿಯುತ್ತದೆ. "ಬಂದ ಗಿರಾಕೀನ ಬೈದು ಕಳಿಸೋಕೆ ನಿಮ್ಮನ್ನ ಇಟ್ಕೊಂಡಿದೀನಾ?" ಅಂತ ಮಾಲೀಕ ಗೊಣಗುತ್ತಾನೆ. ಗಾಳಿಯಣ್ಣನ ಎಡಗಿವಿ ಮಂದ. ಲಾರಿ ಟೈರಿನ ಅಂಗಡಿಯಲ್ಲಿದ್ದಾಗ ಪಕ್ಕದಲ್ಲೇ ಒಂದು ಟೈರು ಸಿಡಿದು ಹಾಗಾಗಿದೆ. ಮಾಲೀಕ ಮಾತಾಡಿದಾಗಲೆಲ್ಲ ಅವರು ಆ ಕಿವಿಯನ್ನೇ ಅತ್ತ ತಿರುಗಿಸುತ್ತಾರೆ.

ಪತ್ರಿಕೆಗೆ ಬರೆಯಲು ಬಂದವರು ಟ್ರ್ಯಾಕಿನ ಟೈರು ಯಾಕೆ ಬೇಡ ಅಂತ ಕೇಳಿದರೆ ಅವರ ಉತ್ತರ ನೇರವಾಗಿದೆ. "ಅದು ಬಿಸಿ ಆದ್ರೆ ಅಂಟು, ತಣ್ಣಗಿದ್ರೆ ಸಾಬೂನು. ಟ್ರ್ಯಾಕಲ್ಲಿ ಎರಡು ಸುತ್ತು ಜೋರಾಗಿ ಹೊಡೆದ್ರೆ ಕಾಯುತ್ತೆ. ಆಫೀಸಿಗೆ ಹೋಗೋ ದಾರೀಲಿ ಎಲ್ಲಿ ಕಾಯುತ್ತೆ? ಮೊದಲನೇ ಸಿಗ್ನಲ್ ತಿರುವಲ್ಲೇ ಮಲಗಿಸುತ್ತೆ. ಇದರಲ್ಲಿ ನೀರು ಹೊರಗೆ ಹೋಗೋಕೆ ಗೀರೂ ಕಮ್ಮಿ. ರಸ್ತೆ ಟೈರಿಗೆ ಅಷ್ಟು ಕಾವು ಬೇಡ, ಮನೆ ಬಾಗಿಲಿಂದಾನೇ ಕೆಲಸ ಶುರು ಮಾಡುತ್ತೆ." ಹಾಗಾದರೆ ಟ್ರ್ಯಾಕಿಗೂ ಅದನ್ನೇ ಹಾಕಬಹುದಲ್ಲ? "ಸುಮ್ನೆ ಕಲಿಯೋಕೆ ಹೋಗೋರು ಹಾಕ್ಬಹುದು. ರೇಸಿಗೆ ಆಗಲ್ಲ. ನಾಲ್ಕೈದು ಸುತ್ತಾದ್ಮೇಲೆ ಅತಿಯಾಗಿ ಕಾದು ಎಣ್ಣೆ ಮೇಲೆ ಹೋದಂಗೆ ಜಾರುತ್ತೆ."

ಇದನ್ನು ಹೇಳುವಾಗಲೂ ಅವರ ಉಗುರು ಮತ್ತೆ ತೊಡೆಯ ಮೇಲೆ ಬಂದಿರುವ ಬೆಳಗಿನ ಟೈರನ್ನು ಬಿಟ್ಟಿಲ್ಲ. ಅದು ಟ್ರ್ಯಾಕಿನ ಟೈರು, ಗುಜರಿ ರಾಶಿಯಿಂದ ಎತ್ತಿದ್ದು. ಶ್ರೀಮಂತ ಗಿರಾಕಿಯೊಬ್ಬ ಒಂದೇ ದಿನ ಓಡಿಸಿ, ಮುಂದಿನದಕ್ಕೆ ಬ್ರಾಂಡ್ ಬದಲಾಯಿಸೋಣವೆಂದು ಜೋಡಿಯನ್ನೇ ಬಿಸಾಕಿ ಹೋಗಿದ್ದಾನೆ. ಇಂಥ ಟೈರು ಪ್ರತಿ ಸಲ ಕಾದು ತಣಿದಾಗಲೂ ಸ್ವಲ್ಪ ಗಟ್ಟಿಯಾಗುತ್ತದೆ. ಉಗುರಿನ ಗುರುತು ಮಾಯವಾಗುವ ರೀತಿ ನೋಡಿ ಗಾಳಿಯಣ್ಣ ಇದರಲ್ಲಿ ಇನ್ನೂ ಒಂದು ರೇಸಿಗೆ ಜೀವ ಇದೆ ಅಂತ ತೀರ್ಮಾನಿಸುತ್ತಾರೆ. ಆ ಒಂದು ರೇಸು ಬರುವ ಭಾನುವಾರ ಇದೆ. ಓಡಿಸುವವಳು ಅವರ ಮಗಳು.

ಮಗಳ ಕೆಲಸ ರಕ್ತ ತೆಗೆಯುವುದು. ಪ್ರಯೋಗಾಲಯವೊಂದರ ಪರವಾಗಿ ಬೆಳಗಿನ ಜಾವ ಮನೆಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾದು ಕೂತವರ ತೋಳಿನಿಂದ ರಕ್ತ ತೆಗೆದು, ಡಬ್ಬಿಯಲ್ಲಿಟ್ಟುಕೊಂಡು ಬರುತ್ತಾಳೆ. ಇಬ್ಬನಿ ಬಿದ್ದ ರಸ್ತೆ, ಪ್ರತಿ ಗಲ್ಲಿಯಲ್ಲೂ ನಿಲುಗಡೆ. ಟೈರು ಕಾಯುವಷ್ಟರಲ್ಲಿ ಮತ್ತೊಂದು ಮನೆ, ಮತ್ತೆ ತಣ್ಣಗೆ. ಅದೇ ಬೈಕಿನಲ್ಲಿ ಅವಳು ಬಿಡುವಿನ ಭಾನುವಾರಗಳಲ್ಲಿ ಟ್ರ್ಯಾಕಿಗೆ ಹೋಗುತ್ತಾಳೆ. ಉಳಿದ ಸವಾರರ ಬೈಕು ವ್ಯಾನಿನಲ್ಲಿ ಬರುತ್ತದೆ. ಇವಳ ಬೈಕು ಇವಳನ್ನು ಹೊತ್ತುಕೊಂಡು ಬರುತ್ತದೆ.

ಈ ಭಾನುವಾರದ್ದು ಅಂತಿಂಥ ರೇಸಲ್ಲ. ರೇಸ್ ತಂಡವೊಂದು ಹೊಸಬರನ್ನು ಆರಿಸಿಕೊಳ್ಳಲು ಇಟ್ಟಿರುವ ಸ್ಪರ್ಧೆ. ಮೊದಲ ಮೂವರಲ್ಲಿ ಬಂದವರಿಗೆ ತಂಡದಲ್ಲಿ ಜಾಗ. ಒಂದು ಋತು ಪೂರ್ತಿ ತಂಡದ ಬೈಕು, ತಂಡದ ಟೈರು, ತಂಡದ ತರಬೇತಿ. ಕರೆ ಬಂದ ಕೆಲವೇ ಮಂದಿಯಲ್ಲಿ ಮಗಳೂ ಒಬ್ಬಳು. ಜಾಗ ಸಿಕ್ಕರೆ ಕೆಲಸದ ಗಾಡಿಯಲ್ಲೇ ರೇಸು ಓಡಿಸುವ ಪಾಡು ತಪ್ಪುತ್ತದೆ.

ಗಾಳಿಯಣ್ಣನ ಮನೆ ಅಂಗಡಿಯ ಹಿಂದಿನ ಬೀದಿಯಲ್ಲಿದೆ. ಮೊದಲ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಹೊಲಿಯಲು ಬಂದ ಶಾಲೆಯ ಸಮವಸ್ತ್ರಗಳ ಗುಡ್ಡೆ. ಗುಡ್ಡೆಯ ಪಕ್ಕ ಆ ಟ್ರ್ಯಾಕಿನ ಟೈರುಗಳ ಜೋಡಿ. ಶುಕ್ರವಾರ ಸಂಜೆ ಅಪ್ಪ ಮಗಳ ವಾದ ಅಲ್ಲೇ ನಡೆಯುತ್ತಿದೆ.

"ಅಪ್ಪಾ, ನಾಳೆ ಅಂಗಡೀಲೇ ಮೆಷಿನ್ ಮೇಲೆ ಈ ಟೈರು ಹಾಕ್ಬಿಡು. ಅದರಲ್ಲೇ ಹೋಗ್ತೀನಿ, ಅದರಲ್ಲೇ ಬರ್ತೀನಿ. ಸೋಮವಾರ ಸಾಯಂಕಾಲ ನಿಧಾನವಾಗಿ ಬದಲಾಯ್ಸು."

"ಸೋಮವಾರ ಬೆಳಿಗ್ಗೆ ಡ್ಯೂಟಿಗೆ?"

"ಅದರಲ್ಲೇ. ಒಂದು ದಿನ ತಾನೇ?"

"ಬೀಳೋಕೆ ಎಷ್ಟು ದಿನ ಬೇಕು ನಿಂಗೆ?"

"ನಿಧಾನ ಹೋಗ್ತೀನಿ ಅಂದ್ನಲ್ಲ."

"ನೀನು? ನಿಧಾನ?" ಹೆಂಡತಿ ಹೊಲಿಗೆಯ ಮೇಲಿಂದ ತಲೆ ಎತ್ತದೆ ಕೇಳುತ್ತಾರೆ. "ಹುಟ್ಟುವಾಗಲೇ ನರ್ಸಮ್ಮ ಬರೋ ತನಕ ಕಾಯ್ಲಿಲ್ಲ ನೀನು."

"ಅಮ್ಮಾ, ನೀನು ಯಾರ ಕಡೆ?"

"ನಾನು ಬಟ್ಟೆ ಕಡೆ. ಆ ಕರೀ ಟೈರು ಬಿಳೀ ಷರ್ಟಿಗೆ ತಾಗಿದ್ರೆ ಅಪ್ಪ ಮಗಳು ಇಬ್ರೂ ಬೀದೀಲಿ ಮಲಗಿ."

ಗಾಳಿಯಣ್ಣ ಬಗ್ಗುವುದಿಲ್ಲ. ರಸ್ತೆಯ ಟೈರಿನಲ್ಲೇ ಮಗಳು ಟ್ರ್ಯಾಕಿಗೆ ಹೋಗಬೇಕು, ತಾನು ಟ್ರ್ಯಾಕಿನ ಟೈರು ಹೊತ್ತು ಬಸ್ಸಿನಲ್ಲಿ ಬಂದು ಅಲ್ಲೇ ಕೈಯಿಂದ ಹಾಕಿ ಕೊಡಬೇಕು, ರೇಸು ಮುಗಿದ ಮೇಲೆ ಮತ್ತೆ ಬದಲಾಯಿಸಬೇಕು. ಇದು ಅವರ ಕೊನೆಯ ಮಾತು. ಭಾನುವಾರ ಅಂಗಡಿಗೆ ಅತಿ ಹೆಚ್ಚು ಗಿರಾಕಿಗಳು ಬರುವ ದಿನ. ರಜೆ ಕೇಳಿದರೆ ಮಾಲೀಕ ಹಾರಾಡುತ್ತಾನೆ, ಆಮೇಲೆ ಯೋಚಿಸಿ ಡ್ರಾಯರಿನಿಂದ ಅಂಗಡಿಯ ಹೆಸರಿನ ಸ್ಟಿಕ್ಕರ್ ತೆಗೆದು ಕೊಡುತ್ತಾನೆ. ಬೈಕಿನ ಟ್ಯಾಂಕಿನ ಮೇಲೆ ಎದ್ದು ಕಾಣುವ ಹಾಗೆ ಅಂಟಿಸಬೇಕು, ಗೆದ್ದರೆ ಫೋಟೋದಲ್ಲಿ ಬರಬೇಕು. ರಜೆ ಸಿಕ್ಕಿದ್ದು ಹೀಗೆ.

ಭಾನುವಾರ ಮುಂಜಾನೆಯ ಮೊದಲ ಬಸ್ಸಿನಲ್ಲಿ ಗಾಳಿಯಣ್ಣ ಎರಡು ಟೈರುಗಳನ್ನು ಭುಜಕ್ಕೊಂದರಂತೆ ನೇತುಹಾಕಿಕೊಂಡು ಹತ್ತುತ್ತಾರೆ. ಕೈಯಲ್ಲಿ ಟೈರು ಕಳಚುವ ಲಿವರ್ ಕಂಬಿಗಳ ಚೀಲ. ಕಂಡಕ್ಟರ್ ಮೇಲಿಂದ ಕೆಳಗೆ ನೋಡುತ್ತಾನೆ.

"ಏನ್ ಯಜಮಾನ್ರೇ, ಮಿಕ್ಕ ಗಾಡಿ ಹಿಂದಿನ ಬಸ್ಸಲ್ಲಿ ಬರ್ತಿದೆಯಾ?"

"ಇಲ್ಲಪ್ಪಾ, ಅದು ಮುಂದೆ ಹೋಗಿದೆ."

ಟ್ರ್ಯಾಕಿನಲ್ಲಿ ಸಾಲು ಸಾಲು ಡೇರೆ. ಬೇರೆ ಡೇರೆಗಳಲ್ಲಿ ಟೈರುಗಳಿಗೆ ಬಿಸಿ ಕಂಬಳಿ ಹೊದಿಸಿದ್ದಾರೆ, ಕರೆಂಟಿನಿಂದ ಕಾಯುವ ಕಂಬಳಿ. ಓಡುವ ಮೊದಲೇ ಟೈರು ಬಿಸಿಯಾಗಿರಲಿ ಅಂತ. ಗಾಳಿಯಣ್ಣ ಅದನ್ನು ಮುಟ್ಟಿ ನೋಡಿ, "ನಮ್ಮನೇಲಿ ಮನುಷ್ಯರಿಗೇ ಇಷ್ಟು ದಪ್ಪಂದಿಲ್ಲ" ಅನ್ನುತ್ತಾರೆ. ಇವರಿಗೆ ಡೇರೆಯಿಲ್ಲ. ಗೋಡೆಯ ನೆರಳಿನಲ್ಲಿ ರಟ್ಟು ಹಾಸಿಕೊಂಡು ಮಂಡಿಯೂರುತ್ತಾರೆ. ಚಕ್ರ ಬಿಚ್ಚಿ, ಕಂಬಿ ತೂರಿಸಿ, ಮೈಭಾರವೆಲ್ಲ ಬಿಟ್ಟು ಟೈರು ಕಳಚುತ್ತಾರೆ. ಟ್ರ್ಯಾಕಿನದ್ದನ್ನು ಸೋಪುನೀರು ಸವರಿ ಏರಿಸುತ್ತಾರೆ. ಪಕ್ಕದ ಡೇರೆಯವರ ಕಂಪ್ರೆಸರ್ ಕೇಳಿ ಪಡೆದು ಗಾಳಿ ಹಿಡಿಯುತ್ತಾರೆ, ರಸ್ತೆಗಿಂತ ಕಡಿಮೆ. ಕಾದ ಮೇಲೆ ಒಳಗಿನ ಗಾಳಿ ತಾನಾಗಿ ಹಿಗ್ಗುತ್ತದೆ. ಅಂಗಿ ಬೆನ್ನಿಗೆ ಅಂಟಿದೆ. ಯಾರೋ ಇವರನ್ನು ಸ್ವಚ್ಛತೆಯವರೆಂದು ತಿಳಿದು ಕಸದ ಬುಟ್ಟಿ ಎಲ್ಲಿದೆ ಅಂತ ಕೇಳುತ್ತಾರೆ. ಗಾಳಿಯಣ್ಣ ಕೈ ತೋರಿಸಿ ಹೇಳಿ ಕಳಿಸುತ್ತಾರೆ.

ತಪಾಸಣೆಯವರು ಬಂದು ಬ್ರೇಕು ಒತ್ತಿ, ಚೈನು ಎಳೆದು, ಒಪ್ಪಿಗೆಯ ಚೀಟಿ ಅಂಟಿಸಿ ಹೋಗುತ್ತಾರೆ. ಈಗ ಅರ್ಹತಾ ಸುತ್ತು. ಇದರಲ್ಲಿ ಯಾರು ವೇಗವಾಗಿ ಸುತ್ತು ಮುಗಿಸುತ್ತಾರೋ ಅವರಿಗೆ ಮಧ್ಯಾಹ್ನದ ರೇಸಿನಲ್ಲಿ ಮುಂದಿನ ಸಾಲು. ಇದನ್ನು ತಪ್ಪಿಸಿಕೊಂಡವರು ಕೊನೆಯ ಸಾಲಿನಿಂದ ಹೊರಡಬೇಕು. ಮಗಳು ಹೆಲ್ಮೆಟ್ ತೊಟ್ಟು ಬೈಕು ಏರಿ, ನಿಧಾನಕ್ಕೆ ಸರತಿಯ ಕಡೆ ಹೊರಡುತ್ತಾಳೆ. ಗಾಳಿಯಣ್ಣ ಕೈ ಒರೆಸಿಕೊಳ್ಳುತ್ತ ನಿಂತಿದ್ದಾರೆ. ಹಿಂದಿನ ಚಕ್ರ ಅವರ ಮುಂದೆ ಹಾದು ಹೋಗುತ್ತದೆ.

ಒರೆಸುವ ಬಟ್ಟೆ ಕೈಯಿಂದ ಬೀಳುತ್ತದೆ. ಅವರು ಓಡುತ್ತಾರೆ. ಆ ವಯಸ್ಸಿನವರು ಹಾಗೆ ಓಡುವುದನ್ನು ಕಂಡು ಡೇರೆಗಳವರು ತಿರುಗಿ ನೋಡುತ್ತಾರೆ. ಬೈಕಿನ ಮುಂದೆ ಎರಡೂ ಕೈ ಚಾಚಿ ನಿಲ್ಲುತ್ತಾರೆ.

"ಇಳಿ."

"ಏನಾಯ್ತಪ್ಪಾ?"

"ಹಿಂದಿನ ಟೈರು ಉಲ್ಟಾ ಹಾಕಿದೀನಿ. ಇಳಿ."

ಇಂಥ ಟೈರಿನ ಪಕ್ಕೆಯ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಗಾಡಿ ಮುಂದೆ ಹೋಗುವಾಗ ಚಕ್ರ ಯಾವ ಕಡೆಗೆ ತಿರುಗುತ್ತದೋ ಬಾಣ ಅದೇ ಕಡೆ ಇರಬೇಕು. ಇಂಜಿನ್ನಿನ ಎಳೆತ ಒಂದೇ ದಿಕ್ಕಿಗೆ ಬೀಳುತ್ತದೆಂದು ಲೆಕ್ಕ ಹಾಕಿಯೇ ಅದರ ಪದರಗಳನ್ನು ಬೆಸೆದಿರುತ್ತಾರೆ. ಅಂಗಡಿಯ ಯಂತ್ರದ ಮೇಲೆ ಹಿಂದಿನ ಚಕ್ರ ಯಾವಾಗಲೂ ಚೈನಿನ ಕಡೆ ಮೇಲಾಗಿ ಕೂರುತ್ತದೆ. ಬಾಣ ಯಾವ ಕಡೆ ಬರಬೇಕೆಂದು ಗಾಳಿಯಣ್ಣ ಈಗ ಯೋಚಿಸುವುದೇ ಇಲ್ಲ, ಕೈಗೆ ರೂಢಿಯಾಗಿದೆ. ಇಲ್ಲಿ ನೆಲದ ಮೇಲೆ, ಚೈನಿನ ಎದುರು ಬದಿಯಲ್ಲಿರುವ ಬ್ರೇಕಿನ ತಟ್ಟೆ ಬಾಗಬಾರದೆಂದು ಚಕ್ರವನ್ನು ಮಗುಚಿ ಹಾಕಿದ್ದರು. ಚಕ್ರ ಮಗುಚಿದ್ದು ಕೈಗೆ ತಿಳಿಯಲಿಲ್ಲ. ತಪಾಸಣೆಯವರ ಕಣ್ಣಿಗೂ ಬೀಳಲಿಲ್ಲ.

"ಅಪ್ಪಾ, ಸ್ವಲ್ಪ ಹೊತ್ತಿನ ಸುತ್ತು. ಏನಾಗಲ್ಲ ಬಿಡು."

"ಏನೂ ಆಗ್ದೇನೂ ಇರಬಹುದು. ಇಳಿ."

"ಇದು ತಪ್ಪಿದ್ರೆ ಕೊನೇ ಸಾಲು ಕಣಪ್ಪಾ!"

"ಗೊತ್ತು ಕಣೇ. ಇಳಿ ಅಂದೆ."

ಸರತಿಯ ಹಿಂದಿನವರು ಎಕ್ಸಿಲರೇಟರ್ ತಿರುವಿ ಸದ್ದು ಮಾಡುತ್ತಾರೆ. ಯಾರೋ ಶಿಳ್ಳೆ ಹಾಕುತ್ತಾರೆ. ಮಗಳು ಇಳಿಯುತ್ತಾಳೆ, ಹೆಲ್ಮೆಟ್ ತೆಗೆಯುವುದಿಲ್ಲ. ಬೈಕನ್ನು ಗೋಡೆಯ ಹತ್ತಿರ ತಂದು ನಿಲ್ಲಿಸಿ, ಬೆನ್ನು ಮಾಡಿ ನಿಂತು ಹೇಳುತ್ತಾಳೆ:

"ನಿನ್ನೆ ಅಂಗಡೀಲೇ ಮೆಷಿನ್ ಮೇಲೆ ಹಾಕಿದ್ರೆ ಉಲ್ಟಾ ಆಗ್ತಿತ್ತಾ?"

ಆಗುತ್ತಿರಲಿಲ್ಲ. ಗಾಳಿಯಣ್ಣ ಮತ್ತೆ ರಟ್ಟಿನ ಮೇಲೆ ಮಂಡಿಯೂರಿ ಚಕ್ರ ಬಿಚ್ಚುತ್ತಾರೆ. ಕಂಬಿ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತು ಬರುತ್ತದೆ. ಅವರು ಗಾಳಿ ಹಿಡಿದು ನಟ್ಟು ಬಿಗಿಯುವಷ್ಟರಲ್ಲಿ ಅತ್ತ ಅರ್ಹತಾ ಸುತ್ತು ಮುಗಿದ ಬಾವುಟ ಬಿದ್ದಿದೆ.

ಮಧ್ಯಾಹ್ನದ ರೇಸಿನಲ್ಲಿ ಮಗಳು ಕೊನೆಯ ಸಾಲಿನಲ್ಲಿ ಒಬ್ಬಳೇ ನಿಂತಿದ್ದಾಳೆ. ಕಂಬಳಿಯಿಲ್ಲದ ತಣ್ಣನೆಯ ಟೈರು. ಮೊದಲ ಸುತ್ತು ತಡೆದುಕೊಂಡು ಓಡಿಸುತ್ತಾಳೆ, ಎರಡನೆಯ ಸುತ್ತಿನಿಂದ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತಾಳೆ. ತಿರುವಿನಲ್ಲಿ ಹೊರಗಿನಿಂದ ಬಂದು ಒಳಗೆ ನುಗ್ಗುತ್ತಾಳೆ. ಗಾಳಿಯಣ್ಣ ಮಗಳನ್ನೂ ನೋಡುವುದಿಲ್ಲ, ಗಡಿಯಾರವನ್ನೂ ನೋಡುವುದಿಲ್ಲ. ಪ್ರತಿ ಸುತ್ತಿನಲ್ಲೂ ತಂತಿಬೇಲಿಗೆ ಮುಖ ಒತ್ತಿ ಹಿಂದಿನ ಟೈರನ್ನೇ ನೋಡುತ್ತಾರೆ. ಇಷ್ಟು ಮಂದಿಯನ್ನು ಅವಳಷ್ಟು ಹಿಂದಿನಿಂದ ಬಂದು ದಾಟಿದವರು ಆ ದಿನ ಇನ್ನೊಬ್ಬರಿಲ್ಲ. ರೇಸು ಮುಗಿದಾಗ ಅವಳು ಐದನೆಯವಳು. ಜಾಗ ಇದ್ದದ್ದು ಮೂವರಿಗೆ.

ಧ್ವನಿವರ್ಧಕದಲ್ಲಿ ಧನ್ಯವಾದಗಳು ಕೇಳಿಬರುತ್ತವೆ. ಪ್ರಾಯೋಜಕರಿಗೆ, ಟೈರ್ ಕಂಪನಿಗೆ, ಕುಡಿಯುವ ನೀರಿನ ಕಂಪನಿಗೂ. ಗೋಡೆಯ ಪಕ್ಕ ಗಾಳಿಯಣ್ಣ ಎರಡೂ ಟೈರುಗಳನ್ನು ಮತ್ತೆ ಕಳಚಿ ರಸ್ತೆಯವನ್ನು ಏರಿಸುತ್ತಾರೆ. ಈ ಸಲ ಒಂದೊಂದು ಬಾಣದ ಮೇಲೂ ಸೀಮೆಸುಣ್ಣದಿಂದ ಗೀಚಿದ್ದಾರೆ. ಗಾಳಿಯನ್ನು ರಸ್ತೆಯ ಲೆಕ್ಕಕ್ಕೆ ಏರಿಸಿದ್ದಾರೆ. ಟ್ರ್ಯಾಕಿಗೆಂದು ಇಳಿಸಿದ ಗಾಳಿಯನ್ನು ಮರೆತು ಹಾಗೇ ಮನೆಗೆ ಹೊರಟು ದಾರಿಯಲ್ಲಿ ಬಿದ್ದವರನ್ನು ಅವರು ಕಂಡಿದ್ದಾರೆ. ಮಗಳು ಬೇರೆ ಕಡೆ ನೋಡುತ್ತ ನಟ್ಟು ಎತ್ತಿ ಕೊಡುತ್ತಾಳೆ. ಅಪ್ಪ ತೆಗೆದುಕೊಂಡು ಬಿಗಿಯುತ್ತಾರೆ. ಅವಳು ಬೈಕಿನಲ್ಲಿ ಹೋಗುತ್ತಾಳೆ, ಅವರು ಬಸ್ಸಿಗೆ.

ಸೋಮವಾರ ಬೆಳಗಿನ ಜಾವ ಅವಳು ಡ್ಯೂಟಿಗೆ ಹೋಗಿ ಬರುತ್ತಾಳೆ. ರಸ್ತೆ ಒದ್ದೆಯಾಗಿತ್ತು, ಅವಳು ಬೀಳಲಿಲ್ಲ. ಟ್ರ್ಯಾಕಿನ ಟೈರಿನಲ್ಲಿ ಹೋಗಿದ್ದರೆ ಬೀಳುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು. ಅಮ್ಮ ಕೇಳುತ್ತಾರೆ:

"ಅಲ್ಲ ಕಣೇ, ಐದನೇದಾಗೋ ಅಂಥದ್ದೇನಾಯ್ತು? ನಿನ್ನೆಯಿಂದ ಇಬ್ರೂ ಮುಖ ಊದಿಸ್ಕೊಂಡು ಕೂತಿದೀರಿ."

ಮಗಳು ರಕ್ತದ ಡಬ್ಬಿಯನ್ನು ಒರೆಸುತ್ತ ಹೇಳುತ್ತಾಳೆ, "ಟೈರು ಸರಿ ಇರ್ಲಿಲ್ಲಮ್ಮ. ಹಳೇದು."

"ಟೈರ್ ಮೇಲೆ ಹಾಕ್ಬೇಡ," ಮೂಲೆಯಿಂದ ಗಾಳಿಯಣ್ಣ. "ಟೈರು ಚೆನ್ನಾಗೇ ಇತ್ತು. ನಾನು ಉಲ್ಟಾ ಹಾಕಿದೆ ಕಣೇ, ನಾನು."

ಹೊಲಿಗೆ ಯಂತ್ರ ನಿಲ್ಲುತ್ತದೆ. "ನೀವಾ ರೀ?"

"ಹೂಂ."

"ಕುಡಿದಿದ್ರಾ?"

"ಬಸ್ಸಲ್ಲಿ ಒಂದು ಟೀ."

ಮಗಳು ನಗಬಾರದು ಅಂದುಕೊಂಡವಳು ನಕ್ಕುಬಿಡುತ್ತಾಳೆ. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತಾಳೆ, ತುಂಬ ಹೊತ್ತು. ತಂಡದವರು ಮುಂದಿನ ಋತುವಿಗೂ ಹೊಸಬರನ್ನು ಕರೆಯುತ್ತಾರೆ. ಕರೆಯುವ ಮೊದಲು ಹಿಂದಿನ ರೇಸುಗಳಲ್ಲಿ ಯಾರು ಎಲ್ಲಿಂದ ಹೊರಟರು, ಎಲ್ಲಿಗೆ ಬಂದರು ಅಂತ ನೋಡುತ್ತಾರೆ. ಈ ಭಾನುವಾರದ ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಅರ್ಹತಾ ಸುತ್ತಿಗೆ ಬರಲೇ ಇಲ್ಲ ಅಂತಷ್ಟೇ ಇದೆ. ಯಾಕೆ ಬರಲಿಲ್ಲ ಅನ್ನುವುದನ್ನು ಅಲ್ಲಿ ಯಾರೂ ಬರೆದುಕೊಂಡಿಲ್ಲ, ಯಾರೂ ಕೇಳಲೂ ಇಲ್ಲ.

ಗಾಳಿಯಣ್ಣ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಾರೆ. ಗೆಣ್ಣಿಗೆ ಬಿಳಿ ಬಟ್ಟೆಯ ಚೂರು ಕಟ್ಟಿದೆ. ಪತ್ರಿಕೆಯಲ್ಲಿ ಅವರ ಬಗ್ಗೆ ಏನು ಬರಬೇಕು, ಏನಾದರೂ ಆಸೆಯಿದೆಯೇ ಅಂತ ಕೇಳಿದರೆ, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ.

"ಆ ತಂಡದೋರು ಪೇಪರ್ ಓದ್ತಾರಾ?"

ಓದಬಹುದು.

"ಹಾಗಾದ್ರೆ ಬರೀರಿ. ಟೈರು ಉಲ್ಟಾ ಹಾಕಿದ್ದು ಗಾಳಿಯಣ್ಣ, ಗಾಡಿ ನಿಲ್ಸಿದ್ದೂ ಅವನೇ, ಹುಡುಗಿದೇನೂ ತಪ್ಪಿಲ್ಲ ಅಂತ. ಅದನ್ನ ದಪ್ಪ ಅಕ್ಷರದಲ್ಲಿ ಹಾಕಿ. ಮಿಕ್ಕಿದ್ದು ನಿಮ್ಮಿಷ್ಟ."

ಎರಡು ಹೆಜ್ಜೆ ಹೋಗಿ, ತಿರುಗಿ ನೋಡುತ್ತಾರೆ.

"ಜಾಗ ಉಳಿದ್ರೆ, ಇಷ್ಟು ವರ್ಷದಲ್ಲಿ ಒಂದೇ ಸಲ ಅಂತಾನೂ ಸೇರಿಸಿ."